ಸಸಿಮಡಿಯ ಮೇಲೆ ಟ್ರ್ಯಾಕ್ಟರ್

ಕ್ಯಾಂಪಿನ ಸಸಿಮಡಿಯ ಮೇಲೆ ಟ್ರ್ಯಾಕ್ಟರ್ ಓಡಿಸಿದವರು ನನ್ನ ಗಂಡ. ಊರಿನ ಹಿರಿಯರು ‘ಯಾರೋ ಹುಡುಗರು’ ಎಂದರು. ಟಿವಿಯಲ್ಲಿ ‘ರೈತರ ಆಕ್ರೋಶ’ ಎಂದು ಬಂತು. ಹುಡುಗರೂ ಅಲ್ಲ, ಆಕ್ರೋಶವೂ ಅಲ್ಲ. ಆಕ್ರೋಶಕ್ಕೆ ಕ್ಲಚ್ ಒತ್ತಲು ಬರುವುದಿಲ್ಲ. ಎಪ್ಪತ್ತು ದಾಟಿದ ಮನುಷ್ಯ, ಬಿಪಿ ಗುಳಿಗೆ ನುಂಗಿ, ಹಣೆಗೆ ವಿಭೂತಿ ಹಚ್ಚಿಕೊಂಡು, ಹಗಲು ಹನ್ನೊಂದು ಗಂಟೆಗೆ, ಎಚ್ಚರದಲ್ಲೇ ಓಡಿಸಿದರು. ನಾನು ಮೂರನೇ ಕ್ಲಾಸಿನವರೆಗೆ ಓದಿದವಳು, ಬರೆಯುವುದು ನಿಧಾನ. ಆದರೆ ಬೇರೆಯವರು ಬರೆದರೆ ಮತ್ತೆ ‘ಯಾರೋ’ ಎಂದೇ ಬರೆಯುತ್ತಾರೆ. ಅದಕ್ಕೆ ನಾನೇ ಬರೆಯುತ್ತಿದ್ದೇನೆ.

ನಮ್ಮ ಊರು ಕಂಪ್ಲಿ ತಾಲೂಕಿನಲ್ಲಿ, ಮೆಟ್ರಿ ಕಡೆ. ಊರಿಂದ ಒಂದು ಮೈಲಿ ದೂರ, ಕಾಲುವೆ ದಂಡೆಗೆ ಕ್ಯಾಂಪು. ಹೊಸಪೇಟೆಯ ಡ್ಯಾಮು ಕಟ್ಟಿ ಕಾಲುವೆಗೆ ನೀರು ಬಿಟ್ಟ ಕಾಲದಲ್ಲಿ ಆಂಧ್ರದ ಕಡೆಯಿಂದ ಬಂದು, ಜಾಲಿ ಕಡಿದು, ನೆಲ ಮಟ್ಟ ಮಾಡಿ ಗದ್ದೆ ಮಾಡಿಕೊಂಡವರು ಅವರು. ಮನೆಯಲ್ಲಿ ತೆಲುಗು, ಸಂತೆಯಲ್ಲಿ ಕನ್ನಡ. ಅವರ ಮಕ್ಕಳು ಮೊಮ್ಮಕ್ಕಳೆಲ್ಲ ಇಲ್ಲೇ ಹುಟ್ಟಿದವರು. ಕಂಪ್ಲಿಯ ಹೊಳೆ ದಂಡೆಯವರಿಗೆ ಭತ್ತ ಮೊದಲಿನಿಂದ ಗೊತ್ತು. ನಮ್ಮದು ಜೋಳದ ಹೊಲ. ನೀರು ಬಂದಾಗ ಅದನ್ನು ಏನು ಮಾಡಬೇಕೆಂದು ನಮ್ಮ ಅತ್ತೆಗೆ ತಿಳಿಯಲಿಲ್ಲವಂತೆ. ಕ್ಯಾಂಪಿನ ಒಬ್ಬ ಮುದುಕಿ ಸೀರೆ ಎತ್ತಿ ಕಟ್ಟಿ ಕೆಸರಿಗಿಳಿದು ನಾಟಿ ಹಚ್ಚುವುದು ತೋರಿಸಿಕೊಟ್ಟಳು. ಆ ಮುದುಕಿಯ ಸೊಸೆ ನನ್ನ ಗೆಳತಿ. ನನ್ನನ್ನು ಅಕ್ಕಾ ಅನ್ನುತ್ತಾಳೆ, ನನ್ನ ಗಂಡನನ್ನು ಬಾವಾ ಅನ್ನುತ್ತಾಳೆ.

ನಮ್ಮಿಬ್ಬರ ನಡುವೆ ಮುಯ್ಯಾಳು ನಡೆಯುತ್ತದೆ. ಇಂದು ನಾವು ಅವರ ಗದ್ದೆಗೆ, ನಾಳೆ ಅವರು ನಮ್ಮ ಗದ್ದೆಗೆ. ಕೂಲಿ ಇಲ್ಲ, ಮಾತಿಲ್ಲ, ರೊಟ್ಟಿ ಬುತ್ತಿ ಮಾತ್ರ ಅವರವರದು. ಅದರ ಜೊತೆಗೆ ಇನ್ನೊಂದು ಪದ್ಧತಿ ಮಾಡಿಕೊಂಡಿದ್ದೆವು. ಎರಡು ಮನೆಯ ಸಸಿಯನ್ನೂ ಒಂದೇ ಮಡಿಯಲ್ಲಿ ಬೆಳೆಸುವುದು. ಒಂದು ವರ್ಷ ನಮ್ಮ ಹೊಲದಲ್ಲಿ, ಒಂದು ವರ್ಷ ಅವರದರಲ್ಲಿ. ಎರಡು ಮಡಿ ಮಾಡಿದರೆ ಎರಡಕ್ಕೂ ನೀರು ಕಟ್ಟಬೇಕು, ಎರಡು ಕಡೆಯೂ ಹಕ್ಕಿ ಕಾಯಬೇಕು. ಒಂದಾದರೆ ಒಬ್ಬಳು ಕಾದರೆ ಸಾಕು, ಇನ್ನೊಬ್ಬಳು ಮನೆ ಕೆಲಸ ನೋಡಿಕೊಳ್ಳಬಹುದು. ಈ ವರ್ಷದ ಮಡಿ ಅವರ ಹೊಲದಲ್ಲಿತ್ತು, ಕಾಲುವೆಯ ತೂಬಿನ ಪಕ್ಕದಲ್ಲೇ. ಬೀಜ ನೆನೆಹಾಕಿ, ಗೋಣಿಚೀಲದಲ್ಲಿ ಕಟ್ಟಿ, ಹುಲ್ಲು ಮುಚ್ಚಿ ಕಲ್ಲು ಹೇರಿ, ಮೊಳಕೆ ಬಂದ ಮೇಲೆ ಇಬ್ಬರೂ ಸೇರಿ ಚೆಲ್ಲಿದ್ದೆವು.

ಇದೆಲ್ಲ ಹೆಂಗಸರ ವ್ಯವಹಾರ. ಸಸಿ ಎಲ್ಲಿಂದ ಬರುತ್ತದೆ ಎಂದು ನಮ್ಮ ಗಂಡಸರು ಕೇಳುವುದಿಲ್ಲ. ಹೊಲ ಹದವಾದ ದಿನ ಬದುವಿನ ಮೇಲೆ ಸಸಿಯ ಕಟ್ಟು ಇರಬೇಕು, ಅಷ್ಟೇ. ನಮ್ಮ ಮನೆಯವರಿಗೆ ಎರಡು ವರ್ಷದಿಂದ ಮೊಣಕಾಲು ನೋವು, ಟ್ರ್ಯಾಕ್ಟರ್ ಹತ್ತಿದರೆ ಹತ್ತಿದರು, ಬದುವಿನ ಮೇಲೆ ನಡೆಯುವುದಿಲ್ಲ. ಈ ವರ್ಷ ಮಡಿ ಎಲ್ಲಿದೆ ಎಂದು ಅವರಿಗೆ ಗೊತ್ತಿರಲಿಲ್ಲ. ನಾನೂ ಹೇಳಲಿಲ್ಲ. ಅಡುಗೆಗೆ ಯಾವ ಒಲೆ ಹಚ್ಚಿದೆ ಎಂದು ಹೇಳುತ್ತೇವೆಯೇ?

ಇನ್ನು ಟಿವಿಯ ವಿಷಯ. ಮಗ ದೋಣಿಮಲೈನಲ್ಲಿ ಗಣಿಯವರ ಬಸ್ಸು ಓಡಿಸುತ್ತಾನೆ. ವಾರಕ್ಕೊಮ್ಮೆ ಬರುತ್ತಾನೆ. ಸೊಸೆ, ಮೊಮ್ಮಗಳು ನಮ್ಮ ಜೊತೆ. ಅಪ್ಪನ ಕಾಲು ನೋಯುತ್ತದೆ, ಹೊತ್ತು ಹೋಗಲಿ ಎಂದು ಬಾಗಿಲಷ್ಟು ಅಗಲದ ಟಿವಿ ತಂದಿಟ್ಟ. ಮೊದಲು ಭಕ್ತಿಗೀತೆ ಬಂತು, ಆಮೇಲೆ ಕುಸ್ತಿ ಬಂತು, ಆಮೇಲೆ ಆ ಮನುಷ್ಯ ಬಂದ. ಸಂಜೆ ಏಳಕ್ಕೆ ಕೋಟು ಹಾಕಿಕೊಂಡು ಬರುತ್ತಾನೆ. ಮೇಜು ಗುದ್ದುತ್ತಾನೆ. ನಾಲ್ಕು ಜನರನ್ನು ಕರೆಸಿ ಕೂರಿಸಿಕೊಂಡು ಅವರು ಬಾಯಿ ತೆರೆಯುವ ಮೊದಲೇ ಬೈಯುತ್ತಾನೆ. ಮನೆಗೆ ಕರೆದು ಬೈಯುವ ಜಾತಿಯನ್ನು ನಾನು ಅಲ್ಲಿಯೇ ಮೊದಲು ನೋಡಿದ್ದು.

ಸುಳ್ಳು ಹೇಳಬಾರದು, ನನಗೂ ರುಚಿ ಹತ್ತಿತ್ತು. ರೊಟ್ಟಿ ಬಡಿಯುವಾಗ ಅವನ ದನಿ ಕೇಳಿದರೆ ಕೈಗೆ ಒಂದು ಲಯ ಬರುತ್ತಿತ್ತು.

ಈ ವರ್ಷ ಮಳೆ ತಡವಾಗಿ, ಕಾಲುವೆಗೆ ನೀರು ಸರದಿಯ ಮೇಲೆ ಬಿಡುತ್ತಿದ್ದರು. ತೂಬಿನ ಹತ್ತಿರದವರಿಗೆ ಮೊದಲು ಸಿಗುತ್ತದೆ, ಕೆಳಗಿನವರಿಗೆ ಆಮೇಲೆ. ನೀರು ಇಳಿಜಾರಿಗೆ ಹರಿಯುವುದು ಹಾಗೆಯೇ. ಟಿವಿಯವನು ಇದನ್ನು ಹಿಡಿದುಕೊಂಡ. ಕಾಲುವೆಯ ಬಾಯಿಗೆ ಕೂತವರು ಯಾರು? ನಮ್ಮ ನೀರು ಕುಡಿದು ಕೊಬ್ಬಿದವರು ಎಲ್ಲಿಂದ ಬಂದವರು? ನಿಮ್ಮ ಮಗ್ಗುಲಲ್ಲೇ ಇದ್ದಾರೆ, ನಿಮಗೆ ಕಾಣಿಸುತ್ತಿಲ್ಲವೇ? ನಿಮ್ಮ ರಕ್ತ ತಣ್ಣಗಾಗಿದೆಯೇ?

“ಕೇಳ್ದೇನು,” ಎಂದರು ನಮ್ಮ ಮನೆಯವರು. “ರಕ್ತ ತಣ್ಣಗಾಗೇತೇನು ಅಂತಾನ. ಭಾಳ ಖರೇ ಮಾತು.”

“ನಿಮ್ಮ ರಕ್ತ ಬಿಸಿ ಆಗಬಾರದಂತನ ದಿನಾ ಗುಳಿಗಿ ಕೊಡಾಕತ್ತೀನಿ,” ಎಂದೆ. “ಅವನ ಮಾತು ಕೇಳೋದಾದ್ರ ಗುಳಿಗಿ ವಾಪಸ್ ಕೊಡ್ರಿ.”

ಮೊಮ್ಮಗಳು ನಕ್ಕಳು. ಹತ್ತನೇ ಕ್ಲಾಸು, ಓದುತ್ತಾ ಕೂತಿದ್ದಳು. “ಅಜ್ಜಿ, ಅವ ಏನೂ ಹೇಳಾಕತ್ತಿಲ್ಲ ನೋಡು. ಬರೇ ಕೇಳಾಕತ್ತಾನ. ನಾವು ಹಂಗ ಬರದ್ರ ನಮ್ಮ ಟೀಚರ್ ಉತ್ತರ ಎಲ್ಲಿ ಅಂತಾರ.”

“ಉತ್ತರ ನಾವು ಕೊಡಬೇಕು,” ಎಂದರು ನಮ್ಮವರು. ನಗಲಿಲ್ಲ. ಆಗ ನನಗೆ ಅದು ಹೊಳೆಯಬೇಕಿತ್ತು.

ಇನ್ನೊಂದನ್ನೂ ಹೇಳಿಬಿಡುತ್ತೇನೆ. ಆ ದಿನ ಹಿಟ್ಟು ನಾದುತ್ತಾ ಅವನ ಮಾತು ಕೇಳಿ ನಾನು ಮನಸ್ಸಿನಲ್ಲಿ ‘ಹೌದಲ್ಲ, ಬಾಯಿಗೆ ಕೂತವರು ಹೊರಗಿನವರೇ’ ಎಂದುಕೊಂಡೆ. ಹಿಟ್ಟಿನ ಉಂಡೆ ಕಟ್ಟುವಷ್ಟು ಹೊತ್ತು ಹಾಗೆಯೇ ಇದ್ದೆ. ಆಮೇಲೆ ಗೆಳತಿಯ ಮುಖ ನೆನಪಾಯಿತು. ಮೂವತ್ತು ವರ್ಷ ಒಂದೇ ಕೆಸರಿನಲ್ಲಿ ಬಗ್ಗಿದವಳನ್ನು ಮರೆಯಲು ಅಷ್ಟು ಹೊತ್ತು ಸಾಕಾಯಿತು. ದಿನಾ ಒಂದು ತಾಸು ಕೇಳಿದರೆ ಏನಾಗಬೇಡ?

ಮರುದಿನ ಮಧ್ಯಾಹ್ನ ನಾನು ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿದ್ದೆ. ಅದೇ ದನಿ, ಅದೇ ಏರಿಳಿತ, ನಡುನಡುವೆ ಅದೇ ಥರ ನಿಲ್ಲಿಸಿ ಕೇಳುವುದು: ಯಾರು? ಎಲ್ಲಿಂದ ಬಂದವರು? ಎಷ್ಟು ದಿನ? “ಹಗಲೆಲ್ಲ ಯಾಕ ಹಚ್ಚೀರಿ ಅದನ್ನ, ಸಣ್ಣಗ ಮಾಡ್ರಿ,” ಎಂದು ಕೂಗಿದೆ. ಸೊಸೆ ಒಳಗಿನಿಂದ ಬಂದು, “ಟಿವಿ ಅಲ್ಲ ಅತ್ತಿ, ಕರೆಂಟ್ ಇಲ್ಲ. ಹೊರಗ ಜೀಪು ಬಂದೈತಿ,” ಎಂದಳು.

ಹೋಗಿ ನೋಡಿದೆ. ಸೊಸೈಟಿ ಮುಂದೆ ಮೈಕು ಕಟ್ಟಿದ ಜೀಪು. ಹೆಗಲಿಗೆ ಶಾಲು ಹಾಕಿದ ಒಬ್ಬ ಯಾವುದೋ ಸೇನೆಯವನಂತೆ, ಪಕ್ಷದವನಲ್ಲವಂತೆ, ಪಕ್ಷದವರಿಗೇ ಬೇಡವಾದವನಂತೆ. ಹೋದ ವರ್ಷ ಅವನು ಬಂದಾಗ ಜನ ಹಲ್ಲು ಕಿರಿದಿದ್ದರು, ಹುಚ್ಚ ಎಂದಿದ್ದರು. ಈ ಸಲ ಸುತ್ತ ನಿಂತಿದ್ದರು. ಬದಲಾದದ್ದು ಅವನಲ್ಲ, ಮಾತೂ ಅಲ್ಲ. ಆ ಮಾತು ಈಗ ಎಲ್ಲರ ಮನೆಯಲ್ಲೂ ಊಟದ ಹೊತ್ತಿಗೆ ಕೋಟು ಹಾಕಿಕೊಂಡು ಬಂದುಹೋಗಿತ್ತು. ಮನೆಯಲ್ಲಿ ಉಂಡ ಮಾತು ಬೀದಿಯಲ್ಲಿ ಸಿಕ್ಕರೆ ಪರಕೀಯ ಅನ್ನಿಸುವುದಿಲ್ಲ. ನನ್ನ ಗಂಡ ಮುಂದಿನ ಸಾಲಿನಲ್ಲಿ, ಕುರ್ಚಿ ಹಾಕಿಸಿಕೊಂಡು ಕೂತಿದ್ದರು.

“ನಾಳೆ ಎಲ್ಲರೂ ಹೋಗಿ ಕ್ಯಾಂಪಿನ ತೂಬು ಬಂದ್ ಮಾಡಿ ಬರ್ತೀವಿ,” ಎಂದರು ಮನೆಗೆ ಬಂದು.

“ತೂಬಿಗೆ ಕೀಲಿ ಇರತೈತಿ, ಕಾಲುವಿ ನೋಡೋ ಗ್ಯಾಂಗ್‌ಮನ್ ಹಂತೇಕ. ಬಂದ್ ಮಾಡಾಕ ನಿಮ್ಮ ಮೊಣಕಾಲು ಸಾಕೇನು?”

“ನೀ ಸುಮ್ಕಿರು. ನಿನಗ ತಿಳಿಯಂಗಿಲ್ಲ.”

ರೊಟ್ಟಿ ಬಡಿಯಲು ಒಳಗೆ ಹೋದೆ. ಗಂಡಸರು ಹೋಗುತ್ತಾರೆ, ಕೂಗುತ್ತಾರೆ, ಬೀಗ ನೋಡಿ ಚಹ ಕುಡಿದು ಬರುತ್ತಾರೆ ಎಂದುಕೊಂಡೆ. ಎಷ್ಟೋ ಸಲ ಹಾಗೇ ಆಗಿದೆ. ಬಾಯಿಗೆ ಸುಸ್ತಾದರೆ ಕೈ ಏಳುವುದಿಲ್ಲ ಎಂಬುದು ನನ್ನ ಲೆಕ್ಕ. ಅದು ತಪ್ಪು ಲೆಕ್ಕ.

ಬೆಳಿಗ್ಗೆ ಟ್ರ್ಯಾಕ್ಟರ್ ತೆಗೆದರು. ನಮ್ಮ ಹೊಲ ರೊಳ್ಳೆ ಹೊಡೆದು ನಾಟಿಗೆ ಕೆಸರು ಮಾಡಲು ಹಿಂದಿನ ದಿನವೇ ಕಬ್ಬಿಣದ ಗಾಲಿ ಹಾಕಿಸಿದ್ದರು, ಕೆಸರಿಗೆ ಹಾಕುವಂಥದ್ದು. ಅದನ್ನೇ ಹಾಕಿಕೊಂಡು ರಸ್ತೆಯ ಪಕ್ಕ ಮಣ್ಣಿನಲ್ಲಿ ಗಡಗಡ ಹೋದರು. ಹಿಂದೆ ಇನ್ನೊಂದು ಟ್ರ್ಯಾಕ್ಟರ್, ಅದರಲ್ಲಿ ಜನ.

ಹನ್ನೆರಡೂವರೆಗೆ ವಾಪಸ್ ಬಂದರು. ನಲ್ಲಿಯ ಹತ್ತಿರ ನಿಲ್ಲಿಸಿ ಗಾಲಿ ತೊಳೆಯಲು ನಿಂತರು. ಕಾಲು ತೊಳೆಯಲೂ ಸೊಸೆಯನ್ನು ಕೂಗುವ ಮನುಷ್ಯ ಅವತ್ತು ತಾನೇ ಪೈಪು ಹಿಡಿದಿದ್ದರು. ನಾನು ಹೊಸ್ತಿಲಲ್ಲಿ ನಿಂತು ನೋಡಿದೆ. ಗಾಲಿಯ ಕಬ್ಬಿಣದ ಪಟ್ಟಿಗಳ ನಡುವೆ ಕೆಸರು, ಕೆಸರಿನಲ್ಲಿ ಹಸಿರು. ಹುಲ್ಲು ಎಂದುಕೊಂಡೆ. ಹತ್ತಿರ ಹೋಗಿ ಎಳೆದೆ. ಬೇರು ಸಮೇತ ಬಂತು. ಇಪ್ಪತ್ತೈದು ದಿನದ ಸಸಿ, ಗೇಣುದ್ದ, ಬುಡ ಬೆಳ್ಳಗೆ, ತುದಿ ಗಿಳಿಹಸಿರು. ನಾಟಿಗೆ ಒಂದೇ ದಿನ ಬಾಕಿ ಇತ್ತು. ಮರುದಿನ ಕೀಳುವುದೆಂದು ನಾನೂ ಗೆಳತಿಯೂ ಮಾತಾಡಿಕೊಂಡಿದ್ದೆವು.

ಇದನ್ನು ಪೇಟೆಯವರಿಗೆ ತಿಳಿಸಿ ಹೇಳಬೇಕು. ನಮ್ಮಲ್ಲಿ ಬೆಳೆದ ಪೈರಿಗೆ ದನ ನುಗ್ಗಿದರೆ ಜಗಳವಾಗುತ್ತದೆ, ತೀರುತ್ತದೆ. ಬಣವೆಗೆ ಬೆಂಕಿ ಹಚ್ಚಿದವರ ಕಥೆಯನ್ನೂ ಕೇಳಿದ್ದೇನೆ. ಆದರೆ ಸಸಿಮಡಿ ತುಳಿದವರ ಕಥೆಯನ್ನು ನಾನು ಕೇಳಿಲ್ಲ. ವೈರಿಯ ಮಡಿಯಾದರೂ ಬದು ಸುತ್ತಿಕೊಂಡು ಹೋಗುತ್ತಾರೆ. ಹಸುಗೂಸು ಮಲಗಿದ ಕೋಣೆಗೆ ಹೋದ ಹಾಗೆ ಕಾಲು ಸಣ್ಣಗೆ ಮಾಡಿಕೊಂಡು ಹೋಗುತ್ತಾರೆ. ನನ್ನ ಮಗ ಚಿಕ್ಕವನಿದ್ದಾಗ ಮಡಿಯಲ್ಲಿ ಒಂದೇ ಒಂದು ಹೆಜ್ಜೆ ಇಟ್ಟದ್ದಕ್ಕೆ ಅವನ ಕಪಾಳಕ್ಕೆ ಹೊಡೆದವರು ಇದೇ ಮನುಷ್ಯ.

“ಇದು ಎಲ್ಲೀದು?” ಎಂದೆ.

ಪೈಪಿನ ನೀರು ನೋಡುತ್ತಾ ನಿಂತರು. “ತೂಬಿಗೆ ಕೀಲಿ ಇತ್ತು.”

“ಅದನ್ನ ಕೇಳಿಲ್ಲ ನಾ.”

“ಎಲ್ಲರೂ ಇದ್ರು. ಹೋದವ್ರು ಬರೇಗೈಲೆ ಬರಬೇಕೇನು ಅಂದ್ರು. ಮುಂದ ನಮ್ಮ ಗಾಡಿ ಇತ್ತು.”

ನನ್ನ ಕೈಯಲ್ಲಿ ಸಸಿ ಇತ್ತು. ಅದನ್ನು ಎಲ್ಲಿ ಇಡಬೇಕೆಂದು ತಿಳಿಯಲಿಲ್ಲ. ನನಗೆ ಕಣ್ಣೀರು ಸುಲಭಕ್ಕೆ ಬರುವುದಿಲ್ಲ, ಅಂದೂ ಬರಲಿಲ್ಲ. ಕಿವಿಯಲ್ಲಿ ಮಾತ್ರ ಗುಂಯ್ ಎಂದಿತು. ಐವತ್ತು ವರ್ಷ ನಾನು ಉಣ್ಣಲು ಬಡಿಸಿದ ಮನುಷ್ಯನ ಮುಖವನ್ನು ನೋಡಿದೆ. ಅದೇ ಮೂಗು, ಅದೇ ವಿಭೂತಿ. ಕುಡಿದಿರಲಿಲ್ಲ, ಕುಡಿಯುವವರೇ ಅಲ್ಲ. ಕುಡಿದಿದ್ದರೆ ಎಂದು ಒಂದು ಕ್ಷಣ ಆಸೆಪಟ್ಟೆ.

ಸೊಸೆಗೆ ಅನ್ನ ಬಡಿಸಲು ಹೇಳಿ ಕ್ಯಾಂಪಿನ ಕಡೆ ನಡೆದೆ.

ಮಡಿ ಇದ್ದ ಜಾಗ ಕಲಸಿದ ರಾಡಿಯಾಗಿತ್ತು. ಗಾಲಿ ಹೋಗಿ, ತಿರುಗಿ, ಮತ್ತೆ ಬಂದ ಗುರುತು. ಒಂದು ಸಲ ದಾಟಿ ಹೋಗಿದ್ದಲ್ಲ, ತಿರುಗಿಸಿ ತಿರುಗಿಸಿ ಓಡಿಸಿದ್ದು. ಅಂಚಿನಲ್ಲಿ, ಗಾಲಿ ಎಟುಕದ ಮೂಲೆಗಳಲ್ಲಿ, ಅಷ್ಟಿಷ್ಟು ಹಸಿರು ನಿಂತಿತ್ತು. ಗೆಳತಿ ಬದುವಿನ ಮೇಲೆ ಕೂತಿದ್ದಳು. ಆಕೆಯ ಸೊಸೆ ದೂರದಲ್ಲಿ ನಿಂತಿದ್ದಳು. ನನ್ನನ್ನು ನೋಡಿ ಮುಖ ತಿರುಗಿಸಿದಳು.

ನಾನು ಹೋಗಿ ಪಕ್ಕದಲ್ಲಿ ಕೂತೆ. ತಪ್ಪಾಯಿತು ಎನ್ನಲು ಅದು ಸಾರಿಗೆ ಉಪ್ಪು ಹೆಚ್ಚಾದದ್ದಲ್ಲ.

ಆಕೆಯೇ ಮಾತಾಡಿದಳು. “ನಾನು ಕೈ ಮಾಡಿದ್ನಿ ಅಕ್ಕಾ.”

“ಏನು?”

“ಟ್ರ್ಯಾಕ್ಟರ್ ದೂರಲಿಂದ ಕಾಣಿಸ್ತು. ಬಾವ ಅಂತ ಗುರ್ತು ಸಿಕ್ತು. ನಾಳೆ ಕೀಳೋದೈತಲ್ಲ, ಸಸಿ ಹಾಕ್ಕೊಂಡು ಹೋಗಾಕ ಇವತ್ತೇ ಬಂದ್ರೇನೋ ಅನ್ಕೊಂಡು, ಬರ್ರಿ ಅಂತ ಕೈ ಮಾಡಿದ್ನಿ. ಬದುವಿನ ಮ್ಯಾಲೆ ಬಿಂದಿಗಿ ಇತ್ತು, ದಾರಿಗೆ ಅಡ್ಡ ಆಗತೈತಿ ಅಂತ ತೆಗ್ದು ಆ ಕಡಿ ಇಟ್ನಿ.”

ನಾನು ಬಿಂದಿಗೆಯ ಕಡೆ ನೋಡಿದೆ. ಆ ಕಡೆಯೇ ಇತ್ತು, ನೆಟ್ಟಗೆ, ನೀರು ತುಂಬಿ.

“ಅವ್ರು ನನ್ನ ನೋಡ್ಲಿಲ್ಲಕ್ಕಾ. ನೋಡದಿದ್ದಂಗ ಮಾಡಿದ್ದಲ್ಲ. ಖರೇನ ಕಾಣಿಸಿಲ್ಲ ನಾನು. ಇಷ್ಟು ಹತ್ರ ಇದ್ದೆ.” ಕೈಯಿಂದ ಅಳತೆ ತೋರಿಸಿದಳು. ಒಂದು ಮಾರು ಇರಲಿಲ್ಲ.

ಏಳುವಾಗ ಹೇಳಿದಳು, “ನಾಳೆ ಬರಬ್ಯಾಡ್ರಿ.” ಯಾವಾಗಲೂ ‘ಬಾ ಅಕ್ಕಾ, ಹೋಗು ಅಕ್ಕಾ’ ಎನ್ನುವವಳು ಅವತ್ತು ಮರ್ಯಾದೆ ಕೊಟ್ಟು ಮಾತಾಡಿದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಮನೆಗೆ ಬಂದಾಗ ನಮ್ಮವರು ಉಂಡು ಮಂಚದ ಮೇಲೆ ಕೂತಿದ್ದರು. ನಾನು ಎದುರಿಗೆ ನೆಲದ ಮೇಲೆ ಕೂತು ಹೇಳಿದೆ. “ನಮ್ಮ ಮೂರು ಎಕರೆ ಸಸಿನೂ ಅದರಾಗ ಇತ್ತು.”

ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಎದ್ದು ನಿಂತರು. “ಏನಂದಿ? ನಮ್ಮ ಸಸಿ ಅವ್ರ ಹೊಲದಾಗ ಯಾಕ ಇತ್ತು?”

“ಹೋದ ವರ್ಷ ಅವ್ರದು ನಮ್ಮ ಹೊಲದಾಗ ಇತ್ತಲ್ಲ, ಅದಕ್ಕ.”

“ಒಂದು ಮಾತು ಹೇಳಬಾರದೇನು ನನಗ? ಹೇಳಿದ್ರ ನಾ ಹಂಗ ಮಾಡ್ತಿದ್ನೇನು?” ಬೆಳಿಗ್ಗೆಯಿಂದ ಮೊದಲ ಸಲ ಅವರ ಮುಖದಲ್ಲಿ ಸಂಕಟ ಕಂಡಿತು. ನಮ್ಮ ಸಸಿ ಹೋಯಿತಲ್ಲ ಎಂಬ ಸಂಕಟ.

“ಮಾಡ್ತಿದ್ದಿಲ್ಲ,” ಎಂದೆ. “ನಮ್ಮದಂತ ಗೊತ್ತಿದ್ರ ತುಳೀತಿದ್ದಿಲ್ಲ. ಅವ್ರದಂತ ತುಳಿದ್ರಿ. ಅದನ್ನ ನಾ ಹೇಳಾಕತ್ತೀನಿ.”

“ಅವ ದಿನಾ ಹೇಳ್ತಾನಲ್ಲ ಟಿವ್ಯಾಗ…”

“ಏನು ಹೇಳ್ತಾನ? ಮಡಿ ತುಳೀರಿ ಅಂದ್ನೇನು?”

ನೆನಪು ಮಾಡಿಕೊಂಡರು. ನಿಜವಾಗಿಯೂ ಕೂತು ನೆನಪು ಮಾಡಿಕೊಂಡರು, ಪಾಪ. “ಹಂಗ ಅಂದಿಲ್ಲ,” ಎಂದರು ಕಡೆಗೆ.

ಅದೇ ಅವನ ಜಾಣತನ. ಜೀಪಿನವನನ್ನಾದರೆ ಪೊಲೀಸರು ಹಿಡಿಯಬಹುದು, ಅವನ ಬಾಯಲ್ಲಿ ಮಾಡಿ ಎನ್ನುವುದು ಇರುತ್ತದೆ. ಕೋಟಿನವನು ಮಾಡಿ ಎನ್ನುವುದಿಲ್ಲ. ಮಾಡಿಲ್ಲವಲ್ಲ ಯಾಕೆ ಎನ್ನುತ್ತಾನೆ. ಎರಡೂ ಒಂದೇ ಎಂದು ತಿಳಿಯಲು ಓದು ಬೇಕಿಲ್ಲ. ಇದನ್ನು ಕೇಳಿ ಕೆಲವರು ನನಗೆ ಬುದ್ಧಿ ಹೇಳಿದ್ದಾರೆ, ಟಿವಿ ನೋಡಿದವರೆಲ್ಲ ಟ್ರ್ಯಾಕ್ಟರ್ ಹತ್ತುತ್ತಾರೇನು, ಗಂಡನ ತಪ್ಪನ್ನು ಬೇರೆಯವರ ತಲೆಗೆ ಕಟ್ಟಬೇಡ ಎಂದು. ಟಿವಿಯವನ ತಲೆಗೆ ಕಟ್ಟಿದರೆ ನನ್ನ ಗಂಡ ಪಾರಾಗುತ್ತಾರೆ. ಗಂಡನ ತಲೆಗೆ ಕಟ್ಟಿದರೆ ಅವನು ಪಾರಾಗುತ್ತಾನೆ. ನಾನು ಇಬ್ಬರನ್ನೂ ಬಿಡುವುದಿಲ್ಲ. ಹಿಟ್ಟು ನಾದುತ್ತಾ ಹೌದಲ್ಲ ಎಂದ ನನ್ನನ್ನೂ ಬಿಡುವುದಿಲ್ಲ.

ಏಳು ಗಂಟೆಗೆ ನಮ್ಮವರು ಟಿವಿ ಹಚ್ಚಿದರು. ಬೇಡ ಎನ್ನಲಿಲ್ಲ. ನಾನೂ ಬಂದು ಕೂತೆ. ಅವನು ಇವತ್ತು ಏನು ಹೇಳುತ್ತಾನೆ ಎಂದು ನನಗೂ ಬೇಕಿತ್ತು. ಕೆಳಗೆ ಓಡುವ ಅಕ್ಷರಗಳನ್ನು ಮೊಮ್ಮಗಳು ಓದಿದಳು. “ಕಂಪ್ಲಿ ಭಾಗದಲ್ಲಿ ನೀರಿಗಾಗಿ ರೈತರ ಆಕ್ರೋಶ. ಅಷ್ಟೇ ಅಜ್ಜಿ. ಹೋತು.” ಮೇಲೆ ಅವನು ಮೇಜು ಗುದ್ದುತ್ತಿದ್ದ. ಯಾರೋ ಸಿನಿಮಾ ನಟನ ಮದುವೆ ಮುರಿದಿತ್ತು, ಅದರ ಮೇಲೆ. ಅದೇ ಏರಿದ ದನಿ, ಅದೇ ಕುತ್ತಿಗೆಯ ನರ. ಎಷ್ಟು ದಿನ? ಯಾರು? ಉತ್ತರ ಕೊಡಿ.

ನಮ್ಮವರು ಕಡೆಯ ತನಕ ನೋಡಿದರು. ಕ್ಯಾಂಪಿನ ಮಾತು, ನೀರಿನ ಮಾತು ಬರಲೇ ಇಲ್ಲ. “ನಾಳಿಗಿ ಬರಬಹುದು,” ಎಂದರು, ಯಾರಿಗೂ ಅಲ್ಲ. ನನಗೆ ಅವತ್ತು ಎರಡನೇ ಸಲ ಕಿವಿಯಲ್ಲಿ ಗುಂಯ್ ಎಂದಿತು. ಎರಡು ಮನೆಯ ಅನ್ನವನ್ನು ತುಳಿದು ಬಂದ ಮನುಷ್ಯ ಶಾಲೆ ಮುಗಿಸಿ ಬಂದ ಮಗುವಿನ ಹಾಗೆ ಶಹಬ್ಬಾಸ್ ಕಾಯುತ್ತಿದ್ದರು. ಅವನಿಗೆ ಇವರು ಯಾರೆಂದೇ ಗೊತ್ತಿಲ್ಲ.

“ನಾಳೆ ಮುಂಜಾನೆ ಕ್ಯಾಂಪಿಗೆ ಹೋಗಿ, ಓಡಿಸಿದ್ದು ನಾನು ಅಂತ ಹೇಳಿ ಬರ್ರಿ,” ಎಂದೆ. “ಹಿರಿಯರು ಯಾರೋ ಹುಡುಗರು ಅನ್ನಾಕತ್ತಾರ. ಆ ಹುಡುಗರ ಹಿಂದ ಅಡಗಬ್ಯಾಡ್ರಿ.”

“ನೋಡೂನು,” ಎಂದರು.

ನೋಡೂನು ಎಂದರೆ ಇಲ್ಲ ಎಂದೇ ಅರ್ಥ. ಐವತ್ತು ವರ್ಷದಲ್ಲಿ ಅಷ್ಟು ಕಲಿತಿದ್ದೇನೆ.

ಬೆಳಿಗ್ಗೆ ಅವರು ಏಳಲಿಲ್ಲ, ಮೊಣಕಾಲು ಎಂದರು. ನಾನು ರೊಟ್ಟಿ ಕಟ್ಟಿಕೊಂಡು ಒಬ್ಬಳೇ ಹೋದೆ. ಕ್ಯಾಂಪಿನಲ್ಲಿ ಬಾಗಿಲುಗಳು ಇನ್ನೂ ತೆರೆದಿರಲಿಲ್ಲ. ಸೀರೆ ಎತ್ತಿ ಕಟ್ಟಿ ಆ ರಾಡಿಗಿಳಿದೆ. ಮೂಲೆಗಳಲ್ಲಿ ನಿಂತಿದ್ದನ್ನು ಕಿತ್ತೆ. ಗಾಲಿಯ ಗುರುತುಗಳಲ್ಲಿ ಕೈ ಹಾಕಿ ಕೆಸರಿನೊಳಗಿಂದ ಒಂದೊಂದೇ ಎತ್ತಿ ನೋಡಿದೆ. ಕುತ್ತಿಗೆ ಮುರಿದದ್ದು ಈ ಕಡೆ, ಮುರಿಯದ್ದು ಆ ಕಡೆ. ಹೊತ್ತು ಏರುವ ಹೊತ್ತಿಗೆ ಗೆಳತಿ ಬಂದು ಬದುವಿನ ಮೇಲೆ ನಿಂತಳು.

“ಬರಬ್ಯಾಡ್ರಿ ಅಂದಿದ್ದೆ.”

“ಕೇಳಿಸ್ಕೊಂಡೀನಿ,” ಎಂದೆ. ಬಗ್ಗಿದವಳು ಏಳಲಿಲ್ಲ.

ಆಕೆ ಇಳಿಯಲಿಲ್ಲ, ಹೋಗಲೂ ಇಲ್ಲ. ಸಿಕ್ಕ ಸಸಿ ಎಲ್ಲ ಸೇರಿ ಅರ್ಧ ಎಕರೆಗೂ ಕಷ್ಟ. ಕಟ್ಟು ಕಟ್ಟಿ, ತಲೆಯ ಮೇಲೆ ಹೊತ್ತು, ಕಾಲುವೆ ಮಗ್ಗುಲಿನ ಆಕೆಯ ಹದ ಮಾಡಿದ ಗದ್ದೆಗೆ ಒಯ್ದು, ಮೂಡಣ ಮೂಲೆಯಿಂದ ನಾಟಿ ಹಚ್ಚತೊಡಗಿದೆ.